ಅಂಗೈಯ ಭಾರ

ಬಚ್ಚಲಿನಿಂದ ಬಂದು ದೇವರ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುವಾಗ ಅಕ್ಕನಾಗಮ್ಮನಿಗೆ ಇವತ್ತೂ ತನ್ನದೇ ಮನೆಯಲ್ಲಿ ತಾನು ಕಳವಿಗೆ ಇಳಿದಂತೆ ಅನಿಸಿತು. ವಿಭೂತಿ ಹಚ್ಚಿಕೊಂಡಳು. ಕೊರಳಿನ ಶಿವದಾರದಲ್ಲಿದ್ದ ಬೆಳ್ಳಿಯ ಕರಡಿಗೆ ಬಿಚ್ಚಿ, ಒಳಗಿನ ಲಿಂಗವನ್ನು ಬಲಗೈ ಬೆರಳುಗಳಲ್ಲಿ ಎತ್ತಿಕೊಂಡು ಒಂದು ಗಳಿಗೆ ತಡೆದಳು. ಅದು ಹೋಗಿ ಕೂಡಬೇಕಾದ ಜಾಗ ಎಡ ಅಂಗೈ. ಏಳು ವರ್ಷದವಳಿದ್ದಾಗ ಅಕ್ಕಲಕೋಟೆಯ ತವರುಮನೆಯಲ್ಲಿ ಅಜ್ಜ ಆ ಅಂಗೈಯನ್ನು ತನ್ನ ಕೈಯೊಳಗೆ ಬಟ್ಟಲು ಮಾಡಿ, "ಇದ ನಿನ್ನ ಗುಡಿ ನೋಡವಾ. ಊರಾಗಿನ ಗುಡಿಗೆ ಬಾಗಲಾ ಹಾಕ್ತಾರ, ಇದಕ್ಕ ಹಾಕಾಕ ಬರೂದಿಲ್ಲ" ಅಂದಿದ್ದ. ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ರೆಪ್ಪೆ ಅಲುಗಿಸದೆ ನೋಡುತ್ತ ನೂರೆಂಟು ಎಣಿಸುವುದನ್ನು ಕಲಿಸಿದ್ದ. ನಲವತ್ತು ವರ್ಷ ಆ ಕೈ ಒಂದು ದಿನವೂ ನಡುಗಿರಲಿಲ್ಲ. ಎರಡು ವರ್ಷದ ಹಿಂದೆ ಎಡಬದಿಯ ಮೊಲೆ ತೆಗೆದ ಮೇಲೆ, ಕಂಕುಳಿಂದ ಮಣಿಕಟ್ಟಿನವರೆಗೆ ಅದು ನೀರಲ್ಲಿ ನೆನೆಸಿಟ್ಟ ಚಾದರದ ಹಾಗೆ ಭಾರವಾಯಿತು. ಆಸ್ಪತ್ರೆಯಿಂದ ಬಂದು ಮೊದಲ ಪೂಜೆಗೆ ಕೂತ ದಿನ ಇಪ್ಪತ್ತು ಎಣಿಸುವುದರೊಳಗೆ ಕೈ ಸೋತು ಲಿಂಗ ಜಾರಿತ್ತು. ಮಡಿಲಲ್ಲಿ ಬಿತ್ತು, ನೆಲಕ್ಕೆ ಬೀಳಲಿಲ್ಲ. ಯಾರೂ ನೋಡಲಿಲ್ಲ. ಆದರೆ ಆವತ್ತಿನಿಂದ ಬಾಗಿಲಿಗೆ ಚಿಲಕ ಬಂತು, ಲಿಂಗಕ್ಕೆ ಒಂದು ಸಣ್ಣ ಮಣೆ ಬಂತು. ಮಣೆಯ ಮೇಲೆ ಇಟ್ಟು ನೀರೆರೆದಳು. ಒಂದು ಪತ್ರಿ ಏರಿಸಿದಳು. ಎಡಗೈ ಯಾರದೋ ಮನೆಯ ಕೂಸಿನ ಹಾಗೆ ಪಕ್ಕಕ್ಕೆ ಬಿದ್ದುಕೊಂಡಿತ್ತು.

"ಅಕ್ಕೂ, ಪೂಜಿ ಆತೇನವಾ?" ಹೊರಗಿನಿಂದ ಅತ್ತೆ ಗೋದೂಬಾಯಿ ಕೂಗಿದಳು. "ಒಂಬತ್ತರ ಬಸ್ಸ ನಿನ್ನ ಮಾವ ಮಾಡಿಸಿಟ್ಟದ್ದಲ್ಲ, ನಿನ್ನ ಸಲುವಾಗಿ ನಿಂದ್ರಾಕ!"

"ಆತ್ರೀ ಅತ್ತಿ, ಬಂದ್ನಿ."

ಎಂಬತ್ತರ ಹತ್ತಿರದ ಈ ಮುದುಕಿ ಆಸ್ಪತ್ರೆಯಿಂದ ಬಂದ ಸೊಸೆಯನ್ನು ಹೊಸಿಲಲ್ಲೇ ನಿಲ್ಲಿಸಿ ಕೇಳಿದ್ದು ಗಾಯದ ಮಾತಲ್ಲ, "ಕೊಯ್ಯೂ ಮುಂದ ಲಿಂಗ ಎಲ್ಲಿತ್ತ?" ಅಂತ. ಗಂಡ ಧರೆಪ್ಪ ಬಾಯಿ ತೆರೆಯುವ ಮೊದಲೇ ಅಕ್ಕನಾಗಮ್ಮ, "ಇವರ ಅಂಗೈಯಾಗ ಇತ್ರಿ, ನಾಕ ತಾಸೂ ಹಿಡಕೊಂಡ ನಿಂತಿದ್ರು" ಅಂದುಬಿಟ್ಟಿದ್ದಳು. ಮುದುಕಿಯ ಕಣ್ಣು ತುಂಬಿದವು. ಅಂದಿನಿಂದ ಮದುವೆಯಿರಲಿ, ಮಣ್ಣಿರಲಿ, ನಾಲ್ಕು ಜನ ಕೂತಲ್ಲಿ ಆಕೆಗೆ ಅದೇ ಕತೆ: ನನ್ನ ಮಗ ಬಾಗಿಲಲ್ಲಿ ನಂದಿಯ ಹಾಗೆ ನಿಂತಿದ್ದ, ಒಂದು ಗುಟುಕು ನೀರು ಕುಡಿಯಲಿಲ್ಲ. ಕತೆ ಶುರುವಾದೊಡನೆ ಧರೆಪ್ಪ ಏನೋ ನೆನಪಾದವನ ಹಾಗೆ ಎದ್ದು ಅಂಗಳಕ್ಕೆ ಹೋಗುತ್ತಿದ್ದ.

ಈಗ ಅವನು ಪಡಸಾಲೆಯಲ್ಲಿ ಚಹ ಕುಡಿಯುತ್ತ ಮರಾಠಿ ಪೇಪರನ್ನು ಮಡಚಿ ಹಿಡಿದಿದ್ದ. ಯಾವ ಪುಟವನ್ನು ಒಳಗೆ ಮಡಚಿದ್ದಾನೆಂದು ಆಕೆಗೆ ಗೊತ್ತು. ಅಕ್ಟೋಬರ್ ಬಂತೆಂದರೆ, ಸ್ತನ ಕ್ಯಾನ್ಸರಿನ ಜಾಗೃತಿಯ ತಿಂಗಳೆಂದು, ಪೇಪರಿನಲ್ಲಿ ಚೌಕಟ್ಟು ಹಾಕಿ ಅದೇ ಲೇಖನ. ಬಸ್ ಸ್ಟ್ಯಾಂಡಿನ ಗೋಡೆಗೆ ಒಂದು ಕೈ ತಲೆಯ ಹಿಂದಿಟ್ಟುಕೊಂಡ ಮುಖವಿಲ್ಲದ ಹೆಂಗಸಿನ ಚಿತ್ರ. ರೇಡಿಯೋದಲ್ಲಿ ತಜ್ಞರ ಮಾತು. ಹನ್ನೊಂದು ತಿಂಗಳು ಆಕೆ ತಾನಾಗಿ ಮರೆಯುವುದಕ್ಕೆ ಹೆಣಗುತ್ತಿದ್ದಳು, ಹನ್ನೆರಡನೆಯ ತಿಂಗಳು ಊರೆಲ್ಲ ಸೇರಿ ಆಕೆಯ ಪರವಾಗಿ ನೆನೆಯುತ್ತಿತ್ತು. ಈ ವರ್ಷವಂತೂ ಮಹಿಳಾ ಮಂಡಳದ ಶಾರದಾಬಾಯಿ ಮನೆಗೇ ಬಂದಿದ್ದಳು. ಬಟ್ಟೆ ವ್ಯಾಪಾರದ ಮನೆತನದ ಹೆಂಗಸು, ಮನಸ್ಸು ಒಳ್ಳೆಯದು, ದನಿ ದೊಡ್ಡದು. ಅಕ್ಕಲಕೋಟೆಯಲ್ಲಿ ಶಿಬಿರವಿದೆ, ಗಾರ್ಗಿ ಡಾಕ್ಟರು ಮರಾಠಿಯಲ್ಲಿ ಹೇಳುತ್ತಾರೆ, ಸುತ್ತಲ ಹಳ್ಳಿಯ ಹೆಣ್ಣುಮಕ್ಕಳಿಗೆ ಕನ್ನಡದಲ್ಲಿ ಹೇಳುವವರು ಬೇಕು, ಅದೂ ರೋಗ ಕಂಡು ಬದುಕಿದವರು ಬೇಕು. "ನಾಕ ವಾಕ್ಯ ಅಷ್ಟ, ಅಕ್ಕನಾಗಮ್ಮಾ. ನಾನ ಬರದ ತಂದೀನಿ. ಘಾಬರಿ ಆಗೂದ ಬ್ಯಾಡ." ಚೀಟಿಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ನಾನು ಈ ರೋಗವನ್ನು ಗೆದ್ದಿದ್ದೇನೆ. ನಾನು ಮೊದಲಿನ ಹಾಗೆಯೇ ಇದ್ದೇನೆ. ನನ್ನಿಂದ ಏನೂ ದೂರವಾಗಿಲ್ಲ. ನೀವೂ ಹೆದರಬೇಡಿರಿ.

"ಹೇಳಾಕ ಆಗಲಿಲ್ಲಂದ್ರ ಹೇಳಬ್ಯಾಡ," ಧರೆಪ್ಪ ಪೇಪರಿನ ಹಿಂದಿನಿಂದಲೇ ಅಂದ. "ಸ್ವಾಮಿಗಳ ಗುಡಿಗೆ ಹೋಗಿ ಕೈಮುಗದ ಬಾ. ಯಾರೇನ ಕೇಳ್ತಾರ."

ಬಸ್ಸು ಸೋಲಾಪುರದ ಗಿರಣಿಗಳ ಚಿಮಣಿಗಳನ್ನು ದಾಟಿ ಕಪ್ಪು ನೆಲಕ್ಕೆ ಇಳಿಯಿತು. ಆಕೆ ಚೀಟಿಯನ್ನು ತೆಗೆದು ಬಾಯಿಪಾಠ ಮಾಡಲು ನೋಡಿದಳು. ಮೊದಲನೆಯ ವಾಕ್ಯ ಸಲೀಸಾಗಿ ಬಂತು, ಎರಡನೆಯದಕ್ಕೆ ನಾಲಗೆ ಕಲ್ಲಿಗೆ ಎಡವಿದಂತಾಯಿತು. ಮೂರನೆಯದನ್ನು ಓದುವಾಗ ಕಣ್ಣ ಮುಂದೆ ಹಸಿರು ಪರದೆ ಬಂತು. ಹಸಿರು ಪರದೆ, ಸ್ಪಿರಿಟ್ಟಿನ ವಾಸನೆ, ಸಣ್ಣ ವಯಸ್ಸಿನ ನರ್ಸು. ಬಳೆ ತೆಗೆಯಿರಿ ಬಾಯಿ, ಮೂಗುಬೊಟ್ಟು ತೆಗೆಯಿರಿ, ಕೊರಳಲ್ಲಿರುವುದು ತೆಗೆಯಿರಿ. ಇದು ತೆಗೆಯುವುದಲ್ಲ, ತಂಗಿ. ಎಲ್ಲರೂ ಹಾಗೇ ಅಂತಾರೆ ಬಾಯಿ, ಡಾಕ್ಟರು ಬಂದುಬಿಟ್ಟರು. ಇವರನ್ನು ಕರಿ, ಇವರ ಕೈಯಲ್ಲಿ ಕೊಡ್ತೀನಿ. ಇವರು ರಕ್ತದ ಬಾಟಲಿಗೆ ಓಡಿದ್ದರು. ನರ್ಸಿನ ಕೈ ತಣ್ಣಗಿತ್ತು, ಒರಟಾಗಿರಲಿಲ್ಲ. ಕರಡಿಗೆಯನ್ನು ಬಳೆಗಳ ಜೊತೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದರ ಬಾಯಿಗೆ ರಬ್ಬರು ಸುತ್ತಿ, ಖಾಟಿನ ಕೆಳಗೆ ಚಪ್ಪಲಿಯ ಹತ್ತಿರ ಇಟ್ಟಳು. ಆಕೆ ಅದನ್ನು ನೋಡಿದಳು. ನೋಡಿಯೂ ಎದ್ದು ಕೂಡಲಿಲ್ಲ, ಬೇಡ ಎನ್ನಲಿಲ್ಲ. ಅದೇ ಮನಸ್ಸನ್ನು ತಿಂದದ್ದು. ಚಾಕುವಿಗೆ ಹೆದರಿ ಮನಸ್ಸು ಜೀವ ಬೇಕೆಂದಿತು. ಬೇಕೆಂದ ಆ ಒಂದು ಗಳಿಗೆಯಲ್ಲಿ ತಾನು ಲಿಂಗವನ್ನು ಬಿಟ್ಟುಕೊಟ್ಟಳು. ಹಾಗಿರುವಾಗ ಕೈ ಸೋತು ಲಿಂಗ ಜಾರಿದ್ದರಲ್ಲಿ ಆಶ್ಚರ್ಯವೇನು? ಬಿಟ್ಟವಳ ಕೈಯಲ್ಲಿ ಅದಾದರೂ ಯಾಕೆ ನಿಂತೀತು? ಪಕ್ಕದ ಸೀಟಿನ ಮುದುಕ, "ಚಿಲ್ಲರ ಐತೇನ್ರೀ ಅಕ್ಕಾರ?" ಅಂತ ಎರಡು ಸಲ ಕೇಳಿದ ಮೇಲೆ ಬಸ್ಸು ಅಕ್ಕಲಕೋಟೆಯ ನಿಲ್ದಾಣದಲ್ಲಿ ನಿಂತಿರುವುದು ತಿಳಿಯಿತು.

ಶಿಬಿರ ಒಂದು ಮಂಗಲ ಕಾರ್ಯಾಲಯದಲ್ಲಿತ್ತು. ವಾರದ ಹಿಂದೆ ಮುಗಿದ ದಸರೆಯ ತೋರಣ ಬಾಗಿಲಲ್ಲಿ ಒಣಗಿ ಸುರುಳಿಯಾಗಿತ್ತು. ನೂರಿಪ್ಪತ್ತು ಹೆಣ್ಣುಮಕ್ಕಳು ಜಮಖಾನೆಯ ಮೇಲೆ ಕೂತಿದ್ದರು, ಮುಕ್ಕಾಲು ಜನ ಹಳ್ಳಿಯವರು. ಬಾಗಿಲಲ್ಲಿ ಸಾಯಲಿ ಎಂಬ ಕಾಲೇಜು ಹುಡುಗಿ ಒಂದು ತಾಟಿನಲ್ಲಿ ಗುಲಾಬಿ ರಿಬ್ಬನ್ನಿನ ತುಂಡುಗಳನ್ನು ಇಟ್ಟುಕೊಂಡು, ವೇದಿಕೆಯ ಮೇಲೆ ಕೂಡುವವರಿಗೆ ಚುಚ್ಚುತ್ತಿದ್ದಳು. ಮುಂಬಯಿಯಲ್ಲಿ ಈಗ ಹೀಗೇ ಮಾಡುತ್ತಾರಂತೆ. "ಡಾವೀಕಡೆ ಹಚ್ಚತೀನಿ ಹಾಂ ಕಾಕೂ, ಹೃದಯದ ಕಡೆ," ಅಂದು ಅಕ್ಕನಾಗಮ್ಮನ ಎಡಬದಿಯ ಸೆರಗಿಗೆ ಪಿನ್ನು ತೂರಿಸಿದಳು. ಓರೆಯಾಯಿತೆಂದು ತೆಗೆದು ಮತ್ತೆ ತೂರಿಸಿದಳು. ಪಿನ್ನು ಆಳಕ್ಕೆ ಹೋಯಿತು. ಅಕ್ಕನಾಗಮ್ಮನಿಗೆ ನೋಯಲಿಲ್ಲ. ನೋಯಲಿಲ್ಲವೆಂಬುದನ್ನು ಹುಡುಗಿ ಗಮನಿಸಿಬಿಡಬಹುದೆಂದು ಅವಸರದಲ್ಲಿ "ಅಯ್ಯ" ಎಂದು ಸುಳ್ಳೇ ಮುಖ ಕಿವುಚಿದಳು.

ಅಲ್ಲಿ ಇದ್ದದ್ದು ಸಾಸಿವೆ. ಮಗಳು ಹುಟ್ಟಿದಾಗ ತಲೆ ಗುಂಡಗೆ ಕೂಡಲೆಂದು ಹೊಲಿದ ಸಾಸಿವೆಯ ದಿಂಬು ಟ್ರಂಕಿನಲ್ಲಿತ್ತು. ಆ ಮಗಳು ಲಾತೂರಿಗೆ ಸೊಸೆಯಾಗಿ ಹೋಗಿ ಮೂರು ವರ್ಷ. ದಿಂಬನ್ನು ಬಿಚ್ಚಿ, ಅದೇ ಮೆತ್ತನೆಯ ಹಳೆಯ ಬಟ್ಟೆಯಲ್ಲಿ ಅದೇ ಸಾಸಿವೆ ತುಂಬಿ ಚೀಲ ಹೊಲಿದುಕೊಂಡಿದ್ದಳು. ಬಲಗಡೆಯ ತೂಕಕ್ಕೆ ಸರಿಯಾಗಿ ತೂಗುತ್ತಿತ್ತು. ನಡೆಯುವಾಗ ಆಕೆಗಷ್ಟೇ ಕೇಳಿಸುವ ಹಾಗೆ ಒಂದು ಸಣ್ಣ ಸಪ್ಪಳ ಮಾಡುತ್ತಿತ್ತು.

ಗಾರ್ಗಿ ಡಾಕ್ಟರು ಬಟ್ಟೆಯ ಬೊಂಬೆಯ ಮೇಲೆ ಮೂರು ಬೆರಳಿಟ್ಟು, ಗಂಟು ಹುಡುಕುವುದು ಹೇಗೆಂದು ಮರಾಠಿಯಲ್ಲಿ ಹೇಳಿದರು. ಸಭೆ ಗೋಣು ಹಾಕಿತು. ತಿಳಿದು ಹಾಕಿದ್ದಲ್ಲ, ಡಾಕ್ಟರು ಅಷ್ಟು ದೂರದಿಂದ ಬಂದಿದ್ದಾರೆಂಬ ಮರ್ಯಾದೆಗೆ. ಬೊಂಬೆಯನ್ನು ಎತ್ತಿ ತೋರಿಸಿದಾಗ ಎಲ್ಲರೂ ಒಮ್ಮೆಗೇ ಸೆರಗು ಎಳೆದುಕೊಂಡರು. ಆಮೇಲೆ ಶಾರದಾಬಾಯಿ ಅಕ್ಕನಾಗಮ್ಮನ ಹೆಸರು ಕರೆದಳು. ಮೈಕಿನ ಕಂಬ ಎತ್ತರವಿತ್ತು. ಅದನ್ನು ತಗ್ಗಿಸಲು ಎಡಗೈ ಎತ್ತಿದಾಗ ಸೆರಗು ಜಗ್ಗಿತು, ಒಳಗೆಲ್ಲೋ ಬಟ್ಟೆ ಹರಿದ ಸದ್ದಾಯಿತು. "ನಾನು ಈ ರೋಗವನ್ನು ಗೆದ್ದಿದ್ದೇನೆ," ಅಂದಳು. ದನಿ ಕಾರ್ಯಾಲಯದ ಗೋಡೆಗೆ ಬಡಿದು ಯಾರದೋ ದನಿಯಾಗಿ ಮರಳಿತು. "ನಾನು ಮೊದಲಿನ ಹಾಗೆಯೇ" ಅನ್ನುವಾಗ ಪಾದದ ಮೇಲೆ ಏನೋ ಬಿತ್ತು. ಕೆಳಗೆ ನೋಡಿದಳು. ಒಂದು ಕಾಳು. ನೋಡುತ್ತಿರುವಂತೆ ಇನ್ನೊಂದು, ಮತ್ತೆ ಮೂರು ನಾಲ್ಕು, ಸೊಂಟದಿಂದ ಜಾರಿ ನಿರಿಗೆಯ ಗುಂಟ ಇಳಿದು ವೇದಿಕೆಯ ಹಲಗೆಯ ಮೇಲೆ ಟಿಣಿಟಿಣಿ ಪುಟಿದು ಉರುಳಿಹೋದವು. ಹೊಟ್ಟೆಯ ಮೇಲೆ ಸಾಲುಗಟ್ಟಿ ಹರಿಯುವ ಇರುವೆಯ ಹಾಗೆ ಅವು ಇಳಿಯುವುದು ತಿಳಿಯುತ್ತಿತ್ತು. ಮುಂದಿನ ಸಾಲಿನ ಒಬ್ಬ ಹೆಂಗಸು ಕಾಳುಗಳನ್ನೂ ಆಕೆಯ ಮುಖವನ್ನೂ ನೋಡಿ ಮತ್ತೆ ಕಾಳುಗಳನ್ನು ನೋಡಿದಳು. ಚೀಟಿಯಲ್ಲಿ ಇನ್ನೂ ಎರಡೂವರೆ ವಾಕ್ಯವಿತ್ತು. "ಇದ್ದೇನೋ ಇಲ್ಲೋ ನನಗ ಗೊತ್ತಿಲ್ಲರಿ," ಅಂದಳು ಅಕ್ಕನಾಗಮ್ಮ. ಕೈಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದು ಪಕ್ಕದ ಕೋಣೆಗೆ ಹೋದಳು. ಹಿಂದೆ ಶಾರದಾಬಾಯಿ ಮೈಕಿನಲ್ಲಿ, "ಭಾವನಾ ತಡಕೊಳ್ಳಾಕ ಆಗಲಿಲ್ಲ ಅವರಿಗೆ, ಟಾಳ್ಯಾ!" ಎಂದು ಚಪ್ಪಾಳೆ ಹಾಕಿಸುತ್ತಿದ್ದಳು.

ಕೋಣೆಯಲ್ಲಿ ಮದುವೆಯ ಕುರ್ಚಿಗಳೂ ಸುತ್ತಿಟ್ಟ ಜಮಖಾನೆಗಳೂ ಇದ್ದವು. ಚೀಲವನ್ನು ಹೊರಗೆ ತೆಗೆದಳು. ಅರ್ಧ ಬರಿದಾಗಿ ಸೋತು ಮಲಗಿತ್ತು. ಅಳು ಬರಲಿಲ್ಲ. ಈ ಊರಿನ ನೀರು ಕುಡಿದು ಬೆಳೆದವಳು ಈ ಊರಿನ ಹೆಣ್ಣುಮಕ್ಕಳ ಮುಂದೆ ಸೋರಿದೆನಲ್ಲ ಎಂದು ಸುಮ್ಮನೆ ಕೂತಿದ್ದಳು. ಬಾಗಿಲು ದೂಡಿಕೊಂಡು ಮುಂದಿನ ಸಾಲಿನ ಆ ಹೆಂಗಸು ಒಳಗೆ ಬಂದಳು. ಐವತ್ತರ ಸುಮಾರು, ಬಿಸಿಲಲ್ಲಿ ದುಡಿದ ಮೈ. ಸೆರಗಿನ ತುದಿಯನ್ನು ಗಂಟಿನ ಹಾಗೆ ಹಿಡಿದಿದ್ದಳು. ಕೊರಳಲ್ಲಿ ಬಿಳಿಯ ಬಟ್ಟೆಯಲ್ಲಿ ಕಟ್ಟಿದ ಲಿಂಗವಿತ್ತು.

"ಅಕ್ಕಾರ, ನಿಮ್ಮ ಸಾಸಿವಿ."

ಅಕ್ಕನಾಗಮ್ಮ ಚೀಲದ ಹರಿದ ಜಾಗವನ್ನು ಬೆರಳಲ್ಲಿ ಒತ್ತಿ ಹಿಡಿದಳು.

"ಒಂದೂ ಬಿಟ್ಟಿಲ್ಲ ತಗೋರಿ. ಕುರ್ಚಿ ಬುಡಕ ಹೋಗಿದ್ದೂ ಆರಿಸೀನಿ. ಆ ಫೋಟೋ ತಗ್ಯಾಂವ ಎರಡ ಕಾಳ ತುಳದ ನಿಂತಿದ್ದ. ಕಾಲ ಎತ್ತೋ ಬಾಡ್ಯಾ ಅಂತ ಚಿವುಟೀನಿ." ಆಕೆ ಹತ್ತಿರ ಬಂದು ಚೀಲ ನೋಡಿದಳು. "ಹತ್ತಿ ಅರಳಿ ತುಂಬಬೇಕಿಲ್ರೀ? ಸಾಸಿವಿ ಯಾಕ?"

"ಅರಳಿ ಹಗರ. ಮೈ ಒಂದ ಕಡಿ ವಾಲತೈತಿ."

"ಖರೇನ. ಒಂದೆತ್ತಾದ್ರ ನೊಗದ ಇನ್ನೊಂದ ಕಡಿಗೆ ಕಲ್ಲ ಕಟ್ಟತಾರ."

ಅಕ್ಕನಾಗಮ್ಮನಿಗೆ ನಗು ಬಂದುಬಿಟ್ಟಿತು. ಎರಡು ವರ್ಷದಲ್ಲಿ ಈ ಮಾತಿಗೆ ಯಾರೂ ಆಕೆಯನ್ನು ನಗಿಸಿರಲಿಲ್ಲ. ಎಲ್ಲರೂ ದನಿ ತಗ್ಗಿಸುತ್ತಿದ್ದರು. ಹೆಂಗಸು ತನ್ನ ಹೆಸರು ಗಂಗುಬಾಯಿ, ಊರು ಹನ್ನೂರು ಅಂದಳು. ಸೆರಗಿನ ಕಾಳನ್ನು ಚೀಲಕ್ಕೆ ಸುರಿದಳು. ಸುರಿದು ಹೋಗಲಿಲ್ಲ. ಬಾಗಿಲು ಮುಂದೆ ಮಾಡಿ ಅಲ್ಲೇ ನಿಂತಳು.

"ಒಂದ ಮಾತ ಕೇಳತೀನಿ. ಬೈಬ್ಯಾಡ್ರಿ. ಕೊಯ್ಯೂ ಮುಂದ ಲಿಂಗಾ ತಗಸ್ತಾರೇನ್ರಿ?"

ನೋವಾಗುತ್ತದೆಯೇ, ಕೂದಲು ಹೋಗುತ್ತದೆಯೇ, ಎಷ್ಟು ದಿನ ಬದುಕುತ್ತಾರೆ ಎಂದು ಕೇಳಲಿಲ್ಲ. ಗಂಗುಬಾಯಿಯ ಬಲಗೈ ತನ್ನಷ್ಟಕ್ಕೆ ಎಡಗಂಕುಳಿನ ಹತ್ತಿರ ಹೋಗಿ ಕೆಳಗಿಳಿಯಿತು. ಅಕ್ಕನಾಗಮ್ಮನಿಗೆ ತಿಳಿಯಿತು.

"ಎಷ್ಟ ದಿನಾ ಆತು?"

"ಯುಗಾದಿಗೆ ಅವರೀಕಾಳಿನಷ್ಟಿತ್ತು. ಈಗ ನಿಂಬೀಕಾಯಿ."

"ಮನ್ಯಾಗ ಯಾರಿಗೆ ಗೊತ್ತೈತಿ?"

"ಈಗ ನಿಮಗ ಗೊತ್ತೈತಿ." ಗಂಗುಬಾಯಿ ಕೊರಳಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದಳು. "ದವಾಖಾನ್ಯಾಗ ಮೊದಲ ಇದನ್ನ ತಗಸ್ತಾರಂತ ನಮ್ಮ ನೆಗೆಣ್ಣಿ ಹೇಳ್ಯಾಳ. ಇದ ಅಗಲಿದ ಮ್ಯಾಲ ನಾ ಉಳದರೇನ್ರಿ, ಹೆಣಾನ. ಕೊರಳಾಗ ಇಟಗೊಂಡ ಸತ್ತರ ಅವನ ಕೂಡ ಹೋಗತೀನಿ ಅಂತ ಸುಮ್ಮ ಕುಂತೀನಿ. ಆದ್ರ ನೀವು ಉಳದೀರಲ್ಲ. ವಿಭೂತಿನೂ ಹಚ್ಚೀರಿ. ಅದಕ್ಕ ಕೇಳಾಕ ಬಂದ್ನಿ."

ಎರಡು ವರ್ಷದಿಂದ ಸಿದ್ಧವಿದ್ದ ಸುಳ್ಳು ಅಕ್ಕನಾಗಮ್ಮನ ನಾಲಗೆಯ ಮೇಲೆ ಬಂದು ಕೂತಿತು. ತೆಗೆಸುವುದಿಲ್ಲ ಅಂದರೆ ಸಾಕು. ಮನೆಯವರು ಅಂಗೈಯಲ್ಲಿ ಹಿಡಿದಿರುತ್ತಾರೆ ಅಂದರೂ ಸಾಕು, ಇವಳು ನಾಳೆ ಬೆಳಿಗ್ಗೆ ಡಾಕ್ಟರ ಮುಂದೆ ಹೋಗಿ ನಿಲ್ಲುತ್ತಾಳೆ, ಜೀವ ಉಳಿಯುತ್ತದೆ. ಜೀವಕ್ಕಿಂತ ದೊಡ್ಡ ಸತ್ಯ ಯಾವುದು ಎಂದು ಮನಸ್ಸು ವಾದ ಹೂಡಿತು. ಆದರೆ ಹಸಿರು ಪರದೆಯ ಕೆಳಗೆ ಗಂಗುಬಾಯಿ ಮಲಗಿರುವುದೂ, ತಣ್ಣನೆಯ ಕೈ ಕೊರಳಿಗೆ ಬರುವುದೂ ಕಂಡಿತು. ಆ ಗಳಿಗೆ ಇವಳು ನನ್ನ ಸುಳ್ಳಿನ ಜೊತೆ ಒಬ್ಬಳೇ ಇರುತ್ತಾಳೆ. ನಾನು ಇದ್ದೆನಲ್ಲ, ಹಾಗೆ. ಸತ್ಯ ಹೇಳಿದರೆ ಬಾಗಿಲು ತೆಗೆದು ಹೋಗಿಬಿಡುತ್ತಾಳೆ, ಮುಂದಿನ ಯುಗಾದಿಗೆ ಇರುವುದಿಲ್ಲ. ಹೊರಗೆ ಡಾಕ್ಟರ ದನಿ ಯಾವುದೋ ಅಂಕಿಸಂಖ್ಯೆ ಹೇಳುತ್ತಿತ್ತು.

"ತಗಸ್ತಾರ," ಅಂದಳು ಅಕ್ಕನಾಗಮ್ಮ. "ನಂದೂ ತಗಸಿದ್ರು. ಯಾರೂ ಹಿಡೀಲಿಲ್ಲ. ಪ್ಲಾಸ್ಟಿಕ್ ಚೀಲದಾಗ ಬಳಿ ಜೋಡಿ ಖಾಟಿನ ಬುಡಕ ಇತ್ತು, ನಾಕ ತಾಸು."

ಗಂಗುಬಾಯಿ ಮೆಲ್ಲಗೆ ಜಮಖಾನೆಯ ಸುರುಳಿಯ ಮೇಲೆ ಕೂತಳು. ಆಮೇಲೆ ಕೇಳಿದಳು, "ತಿರುಗಿ ಕೊರಳಿಗೆ ಬಂದ ಮ್ಯಾಲ ಅಂವಾ ಬ್ಯಾಸರಾಗಿದ್ನೇನ್ರಿ ನಿಮ್ಮ ಮ್ಯಾಲ?"

ಈ ಪ್ರಶ್ನೆಯನ್ನು ಅಕ್ಕನಾಗಮ್ಮ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ತನ್ನ ತಪ್ಪಿನ ಮುಖವನ್ನೇ ಎರಡು ವರ್ಷ ನೋಡಿದ್ದಳು. ಅವನ ಮುಖ ನೋಡಲು ಧೈರ್ಯವಾಗಿರಲಿಲ್ಲ. "ಗೊತ್ತಿಲ್ಲವಾ," ಅಂದಳು, "ನಾ ಸರಿಯಾಗಿ ನೋಡೇ ಇಲ್ಲ. ಈ ಕೈ ಎತ್ತಿ ಹಿಡೀಲಿಕ್ಕೆ ಆಗೂದಿಲ್ಲ. ಮಣಿ ಮ್ಯಾಲ ಇಟ್ಟ, ಚಿಲಕಾ ಹಾಕ್ಕೊಂಡ, ಕಳ್ಳರಂಗ ಪೂಜಿ ಮಾಡ್ತೀನಿ."

ಗಂಗುಬಾಯಿ ಆ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ತೂಕ ಮಾಡುವವಳ ಹಾಗೆ ಎತ್ತಿದಳು. "ಯವ್ವಾ, ಹಸಗೂಸಿನಷ್ಟ ಐತಲ್ಲ! ಮತ್ತ ತೊಡಿ ಇಲ್ಲೇನ್ರಿ ನಿಮಗ? ಕೂಸಿಗೆ ಕುಡಸೂ ಮುಂದ ಕೈ ಸೋತರ ಏನ ಮಾಡ್ತಿದ್ರಿ? ಮಣಿ ಮ್ಯಾಲ ಇಡ್ತಿದ್ರೇನು? ಮಣಕಾಲ ಎತ್ತಿ ತೊಡಿ ಮ್ಯಾಲ ಕೈ ಇಟಗೋರಿ. ಕಣ್ಣಿಗೆ ಅಂವಾ ಹತ್ತರ ಬರಲಿಲ್ಲಂದ್ರ ನೀವ ಬಗ್ಗರಿ. ಅಷ್ಟೂ ಕಲತಿಲ್ಲ, ಸೋಲಾಪುರದಾಗ ಇರತಾರಂತ!"

ಬೈಗುಳ ಕೇಳಿ ಅಕ್ಕನಾಗಮ್ಮನ ಕಣ್ಣಿಗೆ ಈಗ ನೀರು ಬಂತು. ಒರೆಸಿಕೊಳ್ಳಲಿಲ್ಲ. "ಗಂಗವ್ವಾ, ನಿಂದ ನಾ ಹಿಡೀತೀನಿ," ಅಂದಳು. "ಚೀಲದಾಗ ಹಾಕಗೊಡೂದಿಲ್ಲ."

"ಮತ್ತೊಬ್ಬರ ಲಿಂಗಾ ಮುಟ್ಟಬಾರದಂತಾರ."

"ಬಟ್ಟಿ ಸಮೇತ ಹಿಡೀತೀನಿ. ಬಾಗಲದಾಗ ಕುಂಡರತೀನಿ. ನೀ ಕಣ್ಣ ತಗಿಯೂತನಕ ಏಳೂದಿಲ್ಲ."

"ನಾಕ ತಾಸು?"

"ನಾಕ ತಾಸು."

"ಕೈ ಸೋತರ?"

"ತೊಡಿ ಐತಿಲ್ಲ."

ಗಂಗುಬಾಯಿ ನಕ್ಕಳು. ನಕ್ಕು ಗಂಭೀರಳಾಗಿ, "ಹಂಗಾರ ತೋರಸ್ರಿ ನೋಡೂಣು" ಅಂದಳು. ಅಕ್ಕನಾಗಮ್ಮ ಸೆರಗು ಸರಿಸಿದಳು. ಗಂಡನಿಗೂ ಬೆಳಕಿನಲ್ಲಿ ತೋರಿಸದ ಜಾಗ. ಗಂಗುಬಾಯಿ ರಾಶಿ ಮುಗಿದ ಹೊಲ ನೋಡುವವಳ ಹಾಗೆ, ಮರುಕವಿಲ್ಲದೆ, ಅವಸರವಿಲ್ಲದೆ ನೋಡಿದಳು. "ಹೊಲಿಗಿ ಚೊಕ್ಕ ಹಾಕ್ಯಾರ. ನಮ್ಮೂರ ಸಿಂಪಿಗ್ಯಾ ಜಂಪರಕ್ಕೂ ಇಷ್ಟ ನೀಟ ಹಾಕೂದಿಲ್ಲ."

ಶಾರದಾಬಾಯಿ ಬಾಗಿಲು ಬಡಿದಾಗ ಇಬ್ಬರೂ ಸೆರಗು ಸರಿಮಾಡಿಕೊಂಡಿದ್ದರು. ಗಾರ್ಗಿ ಡಾಕ್ಟರು ಗಂಗುಬಾಯಿಯನ್ನು ಪರದೆಯ ಮರೆಯಲ್ಲಿ ನೋಡಿ, ನಗುವನ್ನು ಹಾಗೇ ಉಳಿಸಿಕೊಂಡು, ನಾಡದು ಮಂಗಳವಾರವೇ ಸೋಲಾಪುರಕ್ಕೆ ಬರಬೇಕೆಂದು ಚೀಟಿ ಬರೆದರು. "ಗುರುವಾರ ಬರತೀನ್ರಿ, ಮಂಗಳವಾರ ಎಮ್ಮಿ ಈಯೂದೈತಿ" ಎಂದ ಗಂಗುಬಾಯಿಯ ಕಡೆ ಅಕ್ಕನಾಗಮ್ಮ ನೋಡಿದಳು. "ಹೂಂ, ಮಂಗಳವಾರ," ಅಂದಳು ಗಂಗುಬಾಯಿ. ಆದರೆ ಒಂದು ಷರತ್ತು ಹಾಕಿದಳು: ತನ್ನ ಗಂಡ ಬಂಡೆಪ್ಪನಿಗೆ ಅಕ್ಕಾರೇ ಬಂದು ಹೇಳಬೇಕು. "ನಾ ಹೇಳಿದ್ರ ಅಂವಾ ಮೊದಲ ಅಳತಾನ, ಆಮ್ಯಾಲ ಮಂದೀನ್ನ ಕೂಡಸ್ತಾನ. ನಿಮ್ಮ ಮುಂದ ಆದ್ರ ಗಂಡಸಾಗಿರತಾನ."

ಸ್ಟ್ಯಾಂಡಿನ ಬೂತಿನಿಂದ ಅಕ್ಕನಾಗಮ್ಮ ಮನೆಗೆ ಫೋನು ಮಾಡಿದಳು. ಹನ್ನೂರಿಗೆ ಹೋಗಿ ಸಂಜೆಗೆ ಬರುತ್ತೇನೆ ಅಂದಳು. "ಮತ್ತೊಂದು. ಲಿಂಗ ಎಲ್ಲಿತ್ತಂತ ಅತ್ತಿಯವರಿಗೆ ಇವತ್ತ ಖರೇ ಹೇಳೂಣು." "ನಾನ ಹೇಳ್ತೀನಿ," ಅಂದ ತಂತಿಯ ಆಚೆಯಿಂದ ಧರೆಪ್ಪ. "ನೀ ಬರೂದ್ರಾಗ ಹೇಳಿರತೀನಿ. ಆ ಕತಿ ಕೇಳಿ ಕೇಳಿ ನನ್ನ ಅಂಗೈ ಉರೀತೈತಿ."

ಹನ್ನೂರಿನ ಜೀಪಿನಲ್ಲಿ ಹತ್ತು ಜನರ ಜಾಗಕ್ಕೆ ಹದಿನೇಳು ಜನ. ಅಕ್ಕನಾಗಮ್ಮ ಸಾಸಿವೆಯ ಚೀಲವನ್ನು ಕೈಚೀಲದ ತಳಕ್ಕೆ ತುರುಕಿ, ಸೆರಗು ಹೊದ್ದು ಕೂತಿದ್ದಳು. ಎಡಕ್ಕೆ ಗಂಗುಬಾಯಿ. ಆಕೆ ನಸುಕಿಗೆ ಎದ್ದು ರೊಟ್ಟಿ ಬಡಿದಿಟ್ಟು ಬಂದವಳು. ಊರ ಹೊರಗಿನ ಹಳ್ಳ ದಾಟುವುದರೊಳಗೆ ತೂಕಡಿಸತೊಡಗಿದಳು. ತಲೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ವಾಲಿ, ಒಂದು ಗುಂಡಿಯ ಕುಲುಕಿಗೆ ಅಕ್ಕನಾಗಮ್ಮನ ಭುಜದ ಮೇಲೆ ಬಿತ್ತು. ಅಲ್ಲಿಂದ ಜಾರಿ ಎಡ ಎದೆಯ ಮೇಲೆ ಬಂದು ನಿಂತಿತು. ಗಾಯ ಮಾಯ್ದ ಮೇಲೆ ಇನ್ನೊಬ್ಬರ ಮೈಯ ಬಿಸಿ ಅಲ್ಲಿಗೆ ತಾಗಿದ್ದು ಇದೇ ಮೊದಲು. ಚರ್ಮಕ್ಕೆ ಅದು ಪೂರ್ತಿ ತಿಳಿಯಲಿಲ್ಲ. ಅದರ ಕೆಳಗಿನ ಎಲುಬಿಗೆ ತಿಳಿಯಿತು. ಗಂಗುಬಾಯಿ ಕಣ್ಣು ತೆರೆಯದೆ ತಲೆಯನ್ನು ಒಮ್ಮೆ ಅತ್ತಿತ್ತ ಹೊರಳಿಸಿ ಜಾಗ ನೋಡಿಕೊಂಡಳು.

"ಇಲ್ಲಿ ಸಪಾಟ ಐತಿ, ಛಲೋ ಆತು," ಅಂದಳು ನಿದ್ದೆಯಲ್ಲಿ. "ತಲಿ ಜಾರೂದಿಲ್ಲ."

ಎರಡೂ ಬದಿಗೆ ಆಗಷ್ಟೇ ಬಿತ್ತಿದ ಜೋಳದ ನೆಲ ಕಪ್ಪಗೆ ಬಿದ್ದಿತ್ತು. ಡ್ರೈವರನು ಗುಂಡಿ ತಪ್ಪಿಸುವ ಗೋಜಿಗೆ ಹೋಗಲಿಲ್ಲ. ಅಕ್ಕನಾಗಮ್ಮ ಮುಂದಿನ ಸೀಟಿಗೆ ಕಾಲೊತ್ತಿ, ಬಲಗೈಯಲ್ಲಿ ಮೇಲಿನ ಸರಳು ಹಿಡಿದು, ಆ ತಲೆ ಕುಲುಕದಂತೆ ಮೈ ಬಿಗಿಹಿಡಿದು ಹನ್ನೂರು ಬರುವತನಕ ಕೂತಳು.